ನನ್ನ ಸಿಟ್ಟಿಗೆ ಮುರಿದ ಚಾಕುಗಳು

ನನಗೆ ಸಿಟ್ಟು ಜಾಸ್ತಿ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದೂ ಸಿಟ್ಟಿನಿಂದಲೇ. ಹಾಗಂತ ಚಾಕು ಮುರಿಯುವುದಕ್ಕೂ ನನ್ನ ಸಿಟ್ಟೇ ಕಾರಣ ಅಂದರೆ ಸುಮ್ಮನಿರಲಾ?

ದೊಡ್ಡಆಲಹಳ್ಳಿಯಲ್ಲಿ ನನ್ನ ಸೋದರಮಾವ ಬೋರಲಿಂಗಯ್ಯನದು ಚಾಕು, ಮಚ್ಚು ಮಾಡುವ ಶೆಡ್ಡು. ಹಿಡಿ ಹಾಕುವ ಕೆಲಸ ನನ್ನದು. ಅಲಗಿನ ಹಿಂದಿನ ಚೂಪು ಬಾಲವನ್ನು, ಅದು ಅಲಗಿಗೆ ಸೇರುವ ಕುತ್ತಿಗೆಯವರೆಗೂ, ಒಲೆಯಲ್ಲಿ ಕೆಂಪಗೆ ಕಾಯಿಸಿ ಮರದ ಹಿಡಿಯೊಳಗೆ ಒತ್ತಬೇಕು. ಮರ ಸುಟ್ಟುಕೊಂಡು ಜಾಗ ಬಿಡುತ್ತದೆ. ಹೊಗೆಯನ್ನೂ ಬಿಡುತ್ತದೆ. ಗೋಡೆಯಾಚೆ ಅತ್ತೆ ವೆಂಕಟಲಕ್ಷ್ಮಮ್ಮನ ರೇಷ್ಮೆಹುಳದ ಮನೆ.

"ಲೇ ದೀಪು, ಹುಳ ನಾಕ್ನೇ ಜ್ವರ ಎದ್ದವೆ, ಪೊರೆ ಬುಟ್ಟು ಈಗ ಸೊಪ್ಪಿಗೆ ಬಾಯಿ ಹಾಕ್ತಾವೆ! ಹೊಗೆ ಕುಡ್ದು ಸೊಪ್ಪು ಬುಟ್ರೆ ನಿನ್ನೇ ತಟ್ಟೇಲಿ ಮಲಗುಸ್ತೀನಿ!"

ಅದಕ್ಕೇ ಮಾವನದೊಂದು ಹೊಸ ಕಾನೂನು: ಹೊಗೆ ಎದ್ದ ತಕ್ಷಣ ಚಾಕನ್ನು ಹಿಡಿಸಮೇತ ಬಕೆಟ್ಟಿನ ನೀರಿಗೆ ಅದ್ದು, ಆಮೇಲೆ ಸುತ್ತಿಗೆಯಲ್ಲಿ ಬಡಿದು ಕೂರಿಸು.

ಬಡಿದರೆ ಟಕ್! ಹಿಡಿಯ ಬಾಯಲ್ಲೇ ಅಲಗು ಎರಡು ತುಂಡು. ಮೊನ್ನೆಯೂ ಆಯಿತು, ನಿನ್ನೆಯೂ ಆಯಿತು.

"ಸಿಟ್ಟಲ್ಲಿ ಬಡೀತೀಯ ಕಣ್ಲಾ, ಕಬ್ಬಿಣಕ್ಕೂ ಗೊತ್ತಾಯ್ತದೆ. ಇನ್ನೊಂದು ಮುರ್ದ್ರೆ ಸುತ್ತಿಗೆ ಮಡಗ್ಬುಟ್ಟು ಹಾರೋಹಳ್ಳಿ ಬಸ್ ಹತ್ತು, ಫ್ಯಾಕ್ಟ್ರಿ ಸೇರ್ಕೊ," ಎಂದ ಮಾವ. ಎಂದೂ ದನಿ ಏರಿಸಿದವನಲ್ಲ. ಊರಿಗೆಲ್ಲ ಅವನು ತಂಪು ಬೋರಣ್ಣ.

ಫ್ಯಾಕ್ಟರಿ ಗೇಟಿನಲ್ಲಿ ಕೈಕಟ್ಟಿ ನಿಲ್ಲುವುದು ನನ್ನಿಂದಾಗದು. ನನಗೆ ಈ ಸುತ್ತಿಗೆಯೇ ಬೇಕು. ಹೊಗೆ ಎದ್ದರೆ ಏಳಲಿ ಎಂದು, ಆಗಷ್ಟೇ ಹಿಡಿ ಒತ್ತಿದ್ದ ಬಿಸಿ ಚಾಕನ್ನು ನೀರಿಗೆ ಅದ್ದದೆ ಬೂದಿಗುಡ್ಡೆಗೆ ತುರುಕಿ ಟೀ ಕುಡಿಯಲು ಹೋದೆ. ವಾಪಸ್ ಬಂದು, ಮಾವನ ಮುಖ ನೆನೆಸಿಕೊಂಡು ಬಡಿದೆ. ಮುರಿಯಲಿಲ್ಲ. ಇನ್ನೂ ಜೋರಾಗಿ ಬಡಿದೆ. ಊಹ್ಞೂಂ!

ಆಗ ಹೊಳೆಯಿತು. ಕೆಂಪಗಿದ್ದ ಕುತ್ತಿಗೆ ತಣ್ಣೀರಿಗೆ ಬಿದ್ದರೆ ಗಾಜಿನಂತೆ ಪೆಡಸಾಗುತ್ತದೆ, ಬೂದಿಯಲ್ಲಿ ಮೆಲ್ಲಗೆ ಆರಿದರೆ ಏಟು ತಡೆಯುತ್ತದೆ. ಚಾಕು ಮುರಿದದ್ದು ನನ್ನ ಸಿಟ್ಟಿಗಲ್ಲ, ಅತ್ತೆಯ ಹುಳಕ್ಕೆ!

ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಮಾರನೇ ದಿನ ಹೊಸ ಚಾಕಿಗೆ ಹಿಡಿ ಒತ್ತಿ, ಕಾನೂನಿನಂತೆ ನೀರಲ್ಲಿ ಚುಂಯ್ ಎನಿಸಿ, ವಿನಯವಾಗಿ ಮಾವನ ಮುಂದಿಟ್ಟೆ.

"ನಂಗ್ಯಾಕೋ ಸಿಟ್ಟು ಬಂದೈತೆ ಮಾವ. ನೀನೇ ಒಸಿ ಪ್ರೀತಿಯಿಂದ ಬಡ್ಕೊಡು."

"ನೋಡ್ಕೊ, ಮಗೀನ ತಟ್ಟಿ ಮಲಗ್ಸ್ದಂಗೆ ಇರ್ಬೇಕು." ಮಾವ ನಗುತ್ತಲೇ ತಟ್ಟಿದ.

ಟಕ್!

"ಥೂ, ಇದ್ರ ಮನೆ ಹಾಳಾಗ!" ತಂಪು ಬೋರಣ್ಣ ಎಸೆದ ಸುತ್ತಿಗೆ ಬಕೆಟ್ಟಿಗೆ ಬಡಿದು ಶೆಡ್ಡೆಲ್ಲ ನೀರಾಯಿತು.

"ನಿಧಾನ ಮಾವ, ಕಬ್ಬಿಣಕ್ಕೂ ಗೊತ್ತಾಯ್ತದೆ," ಎಂದೆ.

ಸದ್ದಿಗೆ ಅತ್ತೆ ಸೊಪ್ಪಿನ ಕುಕ್ಕೆಯೊಂದಿಗೇ ಓಡಿಬಂದಳು. ಬೂದಿಯಲ್ಲಿ ಆರಿದ ಚಾಕನ್ನು ಅವರಿಬ್ಬರ ಮುಂದೆ ಬಾರಿಸಿ ತೋರಿಸಿದೆ. ನೀರಿನ ಕಥೆಯನ್ನೂ ಹೇಳಿದೆ. ಅತ್ತೆ ಮಾವನ ಕಡೆ ತಿರುಗಿದಳು.

"ಹೊಗೆ ನನ್ನ ಹುಳಕ್ಕಾಗಕ್ಕಿಲ್ಲ, ನೀರು ನಿಮ್ಮ ಚಾಕಿಗಾಗಕ್ಕಿಲ್ಲ. ಒಲೆ ಎತ್ಕೊಂಡು ಆ ಹುಣಿಸೆಮರದಡೀಕೆ ನಡೀರಿ!"

ಮಾವ ಬಿಸಿಲಲ್ಲಿ ಒಲೆ ಹೊತ್ತು ನಡೆದ. ಅರ್ಧ ದಾರಿಯಲ್ಲಿ ತಿರುಗಿ, "ಏನ್ಲಾ ಹಲ್ಲು ಬುಡ್ತಾ ನಿಂತಿದ್ದೀಯ? ನಿನ್ನ ಸುತ್ತಿಗೆ ಎತ್ಕೊಂಡು ಬಾ!" ಎಂದು ಗದರಿದ.

ನನ್ನ ಸುತ್ತಿಗೆ! ಎತ್ತಿಕೊಂಡು ಹೊರಟೆ. ಬಕೆಟ್ಟನ್ನು ಮಾತ್ರ ಬೇಕೆಂದೇ ಮರೆತೆ.