ಕೋವಾಡದ ಆಡು

"ಯಾವ ಸೂಳಿಮಗಳು ಈ ಹೊಲಗೇರಿ ಆಡನ್ನ ನನ್ನ ಹಿಂಡಿನಾಗ ಬಿಟ್ಟಾಳ?"

ಪಾಟೀಲ ಹಣಮಂತರಾವ್ ದನ ನೀರು ಕುಡಿಯುವ ಕಲ್ಲಿನ ದೋಣಿಯ ಹತ್ತಿರ ನಿಂತಿದ್ದ. ಅವನ ಹಿಂಡು ಕಾಯುವ ಯಮುನವ್ವ ದೂರದಲ್ಲೇ ಸೆರಗು ಸರಿಮಾಡಿಕೊಂಡಳು.

"ನಾನ ರೀ."

ಆಡು ಬಂದದ್ದು ಕೋವಾಡದಿಂದ. ಆ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ಯಮುನವ್ವನ ಮಗಳು ಹೌಸಾಬಾಯಿ ಹೆರಿಗೆಯಲ್ಲಿ ಸತ್ತಳು. ಅಳಿಯ ಕೂಸನ್ನೂ ಆಡನ್ನೂ ಒಟ್ಟಿಗೇ ತಂದು ಬಿಟ್ಟುಹೋದ. ಕೂಸು ಬದುಕಿದ್ದು ಆ ಹಾಲಿನ ಮೇಲೆ. ಆದರೆ ಆಡು ಒಂಟಿಯಾಗಿರಲು ಒಲ್ಲದು. ಹೊಲಗೇರಿಯ ಗುಡಿಸಲ ಮುಂದೆ ಕಟ್ಟಿದರೆ ಮೇವು ಮುಟ್ಟದೆ ದಿನವಿಡೀ ಕೂಗುತ್ತಿತ್ತು. ಕೆಚ್ಚಲು ಬತ್ತತೊಡಗಿತು. ಯಮುನವ್ವ ಅದನ್ನು ಹಿಂಡಿಗೆ ಸೇರಿಸಿದಳು.

ಹಿಂಡು ಸುಲಭಕ್ಕೆ ಒಪ್ಪಲಿಲ್ಲ. ಕೊಂಬು ಮುರಿದ ಮುದಿ ಆಡೊಂದು ಹಾಯ್ದು ಕೆಡವಿತು. ಯಮುನವ್ವ ಹೊಸದನ್ನು ತುಸು ದೂರದ ಜಾಲಿಗೆ ಕಟ್ಟಿ ಅದರ ಕಣ್ಣೆದುರೇ ಉಳಿದವನ್ನು ಮೇಯಿಸಿದಳು. ಹಟ್ಟಿಯ ಗಂಜಳದ ಮಣ್ಣು ತಂದು ಅದರ ಬೆನ್ನಿಗೆ ತಿಕ್ಕಿದಳು. ಕೆಲವು ದಿನಕ್ಕೆ ಮುದಿ ಆಡು ಬಂದು ಮೂಸಿತು, ಸರಿದು ಜಾಗ ಕೊಟ್ಟಿತು. ಹಾಲು ಮತ್ತೆ ಇಳಿಯಿತು. ಈವತ್ತು ಎಲ್ಲವುಗಳ ಜೊತೆ ಅದೂ ದೋಣಿಗೆ ಬಾಯಿ ಹಾಕಿತ್ತು.

"ದೋಣಿ ಮೈಲಿಗಿ ಆತು," ಎಂದ ಪಾಟೀಲ.

"ನಿಮ್ಮ ಆಡನ್ನೂ ದಿನಾ ನಾನ ಮುಟ್ಟತೇನ್ರಿ, ಧಣ್ಯಾರ."

"ಅದು ದುಡಿಮಿ."

"ಎಲ್ಲಾ ಜಾತ್ಯಾರೂ ಊರ ನೀರು ಮುಟ್ಟಬಹುದಂತ ಕೊಲ್ಲಾಪುರ ದರಬಾರದ ಹುಕುಂ ಐತಂತ್ರಿ."

"ಹುಕುಂ ಮನಶ್ಯಾರಿಗೆ. ಆಡಿಂದು ಎಲ್ಲಿ ಬರದಾರ?"

"ಮನಶ್ಯಾರ್ನೂ ನೀವು ನೀರಿಗೆ ಬಿಟ್ಟಿಲ್ಲಲ್ರಿ."

ಪಾಟೀಲ ಪಕ್ಕದಲ್ಲಿದ್ದ ಆಳಿನ ಕೈಯ ಕೋಲು ತೆಗೆದುಕೊಂಡು ಆಡಿಗೆ ಬಾರಿಸಿದ, ಆಮೇಲೆ ಅವಳಿಗೆ ಬಾರಿಸಿದ. ಕೋಲು ದೂರ ಎಸೆದು, ಸ್ನಾನಕ್ಕೆ ನೀರು ಕಾಯಿಸಲು ಮನೆಗೆ ಹೇಳಿಕಳಿಸಿದ. ಸಂಜೆ ಭಟ್ಟರು ಬಂದು ದೋಣಿಗೂ ಹಿಂಡಿಗೂ ಗೋಮೂತ್ರ ಚಿಮುಕಿಸಿದರು. ಆಡುಗಳು ಮೈ ಕೊಡವಿದವು. ಭಟ್ಟರು ತೆಂಗಿನಕಾಯಿ ತೆಗೆದುಕೊಂಡು ಹೋದರು.

ಹಿಂಡಿನಿಂದ ಹೊರಬಿದ್ದ ಕೋವಾಡದ ಆಡು ಮತ್ತೆ ಗುಡಿಸಲ ಮುಂದೆ ನಿಂತು ಕೂಗಿತು. ಎರಡು ಮೂರು ದಿನಕ್ಕೆ ಹಾಲು ನಿಂತಿತು. ಯಮುನವ್ವ ಜೋಳದ ಗಂಜಿಯ ತಿಳಿ ಕುಡಿಸಿದಳು, ಕೂಸು ಉಗುಳಿತು. ಅಳುವುದಕ್ಕೂ ಅದಕ್ಕೆ ಶಕ್ತಿ ಉಳಿಯಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಯಮುನವ್ವ ಎಂದಿನಂತೆ ಪಾಟೀಲನ ಹಟ್ಟಿಯ ಬಾಗಿಲು ತೆಗೆದು, ಗುಡ್ಡದ ದಾರಿ ಬಿಟ್ಟು, ಹೊಲಗೇರಿಯ ದಾರಿ ಹಿಡಿದಳು. ಹಿಂಡು ಅವಳ ದನಿಯ ಹಿಂದೆ ನಡೆಯಿತು. ಕೇರಿಯವರು ಗಡಿಗೆ, ಬೋಗುಣಿಗಳಲ್ಲಿ ನೀರು ತಂದಿಟ್ಟರು. ಪಾಟೀಲನ ಆಡುಗಳು ಸಾಲಾಗಿ ಕುಡಿದವು.

ಪಾಟೀಲ ಆಳುಗಳೊಂದಿಗೆ ಓಡಿಬಂದು ಕೇರಿಯ ಅಂಚಿನಲ್ಲಿ ನಿಂತುಬಿಟ್ಟ.

"ಹೊರಗ ಹೊಡಿ ಅವನ್ನ, ರಂಡೆ."

"ಇಲ್ಲಿ ನೀರ ಕುಡದಾವ್ರಿ. ಅವೂ ಈಗ ಹೊಲಗೇರಿ ಆಡ. ಬೇಕಂದ್ರ ನೀವ ಒಳಗ ಬಂದು ಹೊಡ್ಕೊಂಡ ಹೋಗ್ರಿ."

ಪಾಟೀಲ ಆಳುಗಳ ಮುಖ ನೋಡಿದ. ಆಳುಗಳು ಅವನ ಚಪ್ಪಲಿ ನೋಡಿದರು.

ಯಮುನವ್ವ ಒಂದು ತಂಬಿಗೆ ತಂದು, ಪಾಟೀಲನ ಆಡೊಂದನ್ನು ಮೊಣಕಾಲಿಗೆ ಆನಿಸಿಕೊಂಡು, ಕೂಸಿಗೆ ಹಾಲು ಕರೆಯಲು ಕುಳಿತಳು.