ಚಪ್ಪರದ ಚಡ್ಡಿ

ದರ್ಜಿಯಮ್ಮನಿಗೆ ಆ ವರ್ಷ ಉಳಿದದ್ದು ಒಂದೇ ಸೋರೆಕಾಯಿ. ಹೂವಿದ್ದಾಗ ಹುಳ, ಹೀಚಾಗಿದ್ದಾಗ ಅಳಿಲು, ಅಡುಗೆಗೆ ಬಂದಾಗ ಬಾಯಿಚಪಲದ ಗಂಡ. ಮೂವರೂ ಸೇರಿ ಬಳ್ಳಿಯನ್ನು ಬೋಳಿಸಿದ್ದರು. ಉಳಿದದ್ದನ್ನು ಬೀಜಕ್ಕೆಂದು ಬಿಟ್ಟಿದ್ದಳು. ತೀರಿಹೋದ ಅಮ್ಮ ಕೊಟ್ಟ ತಳಿ ಅದು. ಡಬ್ಬಿಯಲ್ಲಿದ್ದ ಬೀಜವೂ ಮುಗಿದಿತ್ತು. ಕಾಯಿ ಬಲಿತು ಒಣಗಿದರೆ ತಳಿ ಉಳಿಯಿತು, ಎಳಸಾಗಿ ಬಿದ್ದರೆ ಹೋಯಿತು.

ಕಾಯಿಯೋ, ಮಾವನ ಮನೆಯಲ್ಲಿ ಬೀಡುಬಿಟ್ಟ ಅಳಿಯನ ಹಾಗೆ ಉದ್ದಕ್ಕೂ ದಪ್ಪಕ್ಕೂ ಹಿಗ್ಗುತ್ತಿತ್ತು. ಭಾರಕ್ಕೆ ತೊಟ್ಟು ಸೀಳತೊಡಗಿತು. ಬರೀ ಹಗ್ಗ ಕಟ್ಟಿದರೆ ಸಿಪ್ಪೆ ಕೊಯ್ಯುತ್ತದೆ, ಬಲೆ ಕಟ್ಟಿದರೆ ಜಾರುತ್ತದೆ. ಅವಳು ಟೇಪು ತಂದು, ಗಿರಾಕಿಗೆ ಹಿಡಿದಂತೆ ಅದರ ಎದೆ, ಸೊಂಟ, ಉದ್ದ ಅಳೆದಳು. ಮನೆಯಲ್ಲಿ ಆ ಸುತ್ತಳತೆ ಇದ್ದದ್ದು ಒಬ್ಬರಿಗೇ. ಗಂಡನ ಪಟ್ಟೆಪಟ್ಟೆ ಚಡ್ಡಿಯ ಕಾಲುಗಳನ್ನು ಸೇರಿಸಿ ಹೊಲಿದು, ಕಾಯಿಯನ್ನು ಅದರೊಳಗೆ ಕೂರಿಸಿ, ನಾಲ್ಕು ಹಗ್ಗದಿಂದ ಮನೆಬಾಗಿಲ ಮುಂದಿನ ಚಪ್ಪರಕ್ಕೆ ಬಿಗಿದಳು.

ಗಂಡ ನಿವೃತ್ತ ಬಸ್ ಡ್ರೈವರ್. ಬಸ್ಸು ಹೋದರೂ ಹಾರ್ನ್ ಬಾಯಲ್ಲೇ ಉಳಿದಿತ್ತು.

“ಲೇ! ಮಗಳು ಮೆಚ್ಚಿದ ಹುಡುಗನ ಅಪ್ಪ ಅಮ್ಮ ಮೊದಲ ಸಲ ಬರ್ತಿದಾರೆ. ಬಾಗಿಲಲ್ಲಿ ನನ್ನ ಚಡ್ಡಿ ನಿಂತು ಬನ್ನಿ ಅನ್ಬೇಕಾ?”

“ಒಗೆದು ಹಾಕಿದೀನಿ ಬಿಡ್ರೀ.”

“ಕೊಳೆ ಮಾತಲ್ಲ ಕಣೇ, ಮರ್ಯಾದೆ ಮಾತು!”

“ನಿಮ್ಮ ಮರ್ಯಾದೆ ಕಾಯಿ ಹಿಡ್ಕೊಳ್ಳಲ್ಲ, ಚಡ್ಡಿ ಹಿಡ್ಕೊಳ್ಳುತ್ತೆ. ಮುಟ್ಟಿದ್ರೆ ನೋಡಿ ಮತ್ತೆ.”

ಅವಳು ಒಳಗೆ ಹೋದದ್ದೇ ತಡ, ಹೊಸ ಬಿಳಿ ಅಂಗಿ ತೊಟ್ಟಿದ್ದ ಡ್ರೈವರ್ ಗಂಟು ಬಿಚ್ಚಿದ. ಇಳಿಜಾರಿನಲ್ಲಿ ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದರೆ ಏನಾಗುತ್ತದೆಂದು ಜೀವಮಾನವೆಲ್ಲ ಕಂಡವನಿಗೆ ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲ. ಚಡ್ಡಿಯನ್ನು ಎಳೆದು ಗೋಡೆಯಾಚೆಯ ಚರಂಡಿಗೆ ಎಸೆದ. ತೊಟ್ಟು ಚರ್ ಎಂದಿತು. ಎರಡೂ ಕೈಯಲ್ಲಿ ಕಾಯಿಯನ್ನು ಅವಚಿಕೊಂಡ.

“ಲೇ, ಬಾರೇ! ಬೇಗ ಬಾರೇ!”

ಅವಳು ಬಂದಳು. ಅದೇ ಹೊತ್ತಿಗೆ ಗೇಟು ತೆರೆದು ಹುಡುಗನ ಅಪ್ಪ ಅಮ್ಮನೂ ಬಂದರು.

“ಬನ್ನಿ ಬನ್ನಿ,” ಎಂದ ಡ್ರೈವರ್, ಕಾಯಿಗೆ ಕೆನ್ನೆ ಒತ್ತಿಕೊಂಡು. “ಕೈ ಖಾಲಿ ಇಲ್ಲ, ತಪ್ಪು ತಿಳ್ಕೋಬೇಡಿ.”

ಹುಡುಗನ ಅಮ್ಮ ಹೆರಿಗೆ ಆಸ್ಪತ್ರೆಯ ನರ್ಸು. ಕಂಡದ್ದೇ ಗದರಿದಳು: “ಅಯ್ಯೋ, ಹಾಗಲ್ರೀ ಹಿಡಿಯೋದು! ಒಂದು ಕೈ ಕುಂಡಿ ಕೆಳಗೆ, ಒಂದು ಕೈ ಕತ್ತಿಗೆ. ಮಕ್ಕಳನ್ನ ಎತ್ತೇ ಇಲ್ವಾ ನೀವು?”

“ಎಲ್ಲಿ ಎತ್ತಿದ್ರು,” ಎಂದಳು ದರ್ಜಿಯಮ್ಮ. “ಯಾವಾಗ್ಲೂ ಡ್ಯೂಟಿ!”

ತೊಟ್ಟಿನಲ್ಲಿ ಉಳಿದಿದ್ದದ್ದು ನಾಲ್ಕು ನಾರು. ಒಳಗೆ ಹೋಗಿ ಬಟ್ಟೆ ಹುಡುಕಲು ಪುರುಸೊತ್ತಿಲ್ಲ ಎಂದುಕೊಂಡಳು. ಬಾಗಿಲ ಹಿಂದೆಯೇ ಚಿಂದಿಯ ಮೂಟೆ ಇತ್ತು ಎಂಬುದು ಬೇರೆ ಮಾತು. ಸೊಂಟದಿಂದ ಕತ್ತರಿ ತೆಗೆದು ಗಂಡನ ಬೆನ್ನ ಹಿಂದೆ ನಿಂತಳು.

“ಲೇ, ಏನ್ ಮಾಡ್ತಿದೀಯ? ಹೊಸ ಅಂಗಿ ಕಣೇ!”

“ಅಲ್ಲಾಡ್ಬೇಡಿ. ನಿನ್ನೆ ತಾನೆ ಸಾಣೆ ಹಿಡಿಸಿದೀನಿ.”

ಕಾಲರಿನಿಂದ ಅಂಚಿನವರೆಗೆ ಬೆನ್ನಿನ ಬಟ್ಟೆ ಒಂದೇ ತುಂಡಾಗಿ ಬಂತು. ಅದನ್ನು ಕಾಯಿಯ ಅಡಿಗೆ ಹಾಸಿ, ನಾಲ್ಕು ಮೂಲೆಗಳನ್ನೂ ನೇತಾಡುತ್ತಿದ್ದ ಹಗ್ಗಗಳಿಗೆ ಕಟ್ಟಿದಳು. ಡ್ರೈವರ್ ಒಂದೊಂದೇ ಬೆರಳು ಸಡಿಲಿಸಿದ. ಕಾಯಿ ಒಮ್ಮೆ ತೂಗಿ, ನಿಂತಿತು. ಆ ನಾಲ್ಕು ನಾರು ತಡೆದುಕೊಂಡವು.

ಡ್ರೈವರ್ ಮುಂದಿನಿಂದ ಮಾತ್ರ ಮರ್ಯಾದಸ್ಥನಾಗಿ, ಬೆನ್ನು ತಿರುಗಿಸದಂತೆ ಹಿಂದಕ್ಕೆ ಹೆಜ್ಜೆಯಿಡುತ್ತ ಬೀಗರನ್ನು ಒಳಗೆ ಕರೆದ.

“ನಿಮ್ಮ ಮಗಳೂ ಅಮ್ಮನ ಹಾಗೇನಾ?” ನರ್ಸು ನಗುತ್ತ ಕೇಳಿದಳು.

“ಇಲ್ಲಪ್ಪ, ಇನ್ನೂ ಕಲೀತಿದಾಳೆ,” ಎಂದ ಡ್ರೈವರ್.

ಹುಡುಗನ ಅಪ್ಪ, ತನ್ನ ಅಂಗಿಯ ಕತ್ತಿನ ಗುಂಡಿಯನ್ನೂ ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತ.