ಜಾಲರಿಚಿಪ್ಪಿನ ಹೊಟ್ಟೆ

ಅಕ್ಕಿ ತುಂಬಿದ ಹಿತ್ತಾಳೆ ಬಟ್ಟಲಿಗೆ ಬಿಳಿ ಬಟ್ಟೆ ಕಟ್ಟಿ ತೊಂಗ್ಯೊಂಗ್ ಬಂದರಿನ ಕಡಲಿಗೆ ಇಳಿಸುತ್ತಿರುವುದು ಇದು ಮೂರನೆಯ ವರ್ಷ. ಮುಳುಗಿದವನ ಜೀವ ಮೇಲೆ ಬಂದರೆ ಅಕ್ಕಿಯಲ್ಲಿ ಒಂದು ಕೂದಲು ಸಿಗಬೇಕು. ಅದು ಸಿಗುವವರೆಗೆ, ಕಡಲಿಗೆ ಹೋಗಿ ಮರಳದ ಮನ್‌ಹೊ ಸತ್ತವನಲ್ಲ. ಹೇರಿಮ್ ಅವನ ಹೆಂಡತಿಯಾಗಿಯೇ ಅತ್ತೆಯ ಮನೆಯಲ್ಲಿರಬೇಕು.

ಮೈಮೇಲೆ ದೇವರು ಬರುವ ಓಕ್‌ಬುನ್ ದಕ್ಕೆಯ ಅಂಚಿನಲ್ಲಿ ಕೂತು ಅಕ್ಕಿ ಕೆದಕಿದಳು. ಏನೂ ಇರಲಿಲ್ಲ.

"ಅದೇ ನುಂಗಿರ್ಬೇಕು ಅವನನ್ನ, ನಿಮ್ಮಿಬ್ಬರ ಜಾಲರಿಚಿಪ್ಪು," ಅತ್ತೆ ಹೇರಿಮ್ ಕಡೆ ತಿರುಗಿ ಅಂದರು.

ಅಂಥ ಪ್ರಾಣಿಯೇ ಇಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಸಿಂಪಿ ಬಿಡಿಸುತ್ತ, ನಗುತ್ತ ಕಟ್ಟಿದ ಕಥೆ ಅದು. ಸಿಂಪಿಯೊಂದು ಬಂಡೆ ಬಿಟ್ಟು ಬಗ್ಗಡದ ಆಳಕ್ಕೆ ಸರಿಯಿತು; ಲಕ್ಷಾಂತರ ವರ್ಷಗಳಲ್ಲಿ ಅದರ ಕಿವಿರುಗಳು ಬಾಚಣಿಗೆಯಂತೆ ಹಲ್ಲು ಹಲ್ಲಾದವು, ಚಿಪ್ಪು ದೋಣಿಯಷ್ಟಾಯಿತು, ಕಡಲನ್ನೇ ಸೋಸತೊಡಗಿತು. ಕರುಳು, ಕಿವಿರು ಕೊಟ್ಟವಳು ಅವಳು. ಹಸಿವು ಕೊಟ್ಟವನು ಅವನು. ಅಮ್ಮನಿಗೆ ಅವನು ಅದು ನಿಜವೆಂದೇ ಹೇಳಿದ. ಯೂನಿವರ್ಸಿಟಿಯಲ್ಲಿ ಓದಿದ ಸೊಸೆ ಚಿತ್ರ ಬರೆದು ತೋರಿಸಿದ ಮೇಲೆ ಅತ್ತೆಗೆ ಅನುಮಾನ ಉಳಿಯಲಿಲ್ಲ.

"ಹೇಳೇ, ಒಳಗೆ ಹೋದದ್ದು ಹೊರಗೆ ಬರತ್ತಾ?"

ಸುಳ್ಳೆಂದರೆ ಮಗ ತಮ್ಮನ್ನು ಆಡಿಕೊಂಡಿದ್ದನೆಂದು ಅವರಿಗೆ ತಿಳಿಯುತ್ತದೆ. "ಬರತ್ತೆ ಅತ್ತೆ. ಬೇಡದ್ದನ್ನ ಲೋಳೆ ಸುತ್ತಿ ಉಗಿಯತ್ತೆ."

"ಅದಕ್ಕೂ ಬೇಡವಾದನಾ ನನ್ನ ಮಗ? ನಿನಗೆ ಬೇಡವಾದ ಹಾಗೆ? ಒಂದು ಹನಿ ಕಣ್ಣೀರು ಹಾಕಿದೋಳಲ್ಲ ನೀನು."

ಓಕ್‌ಬುನ್ ಬಟ್ಟಲಿಗೆ ಮುಚ್ಚಳ ಹಾಕಿದಳು. "ಜಗಳ ಮನೇಲಿ ಆಡ್ಕೊಳ್ಳಿ. ಮತ್ತೆ ಇಳಿಸ್ಲಾ ಅಕ್ಕಾ? ಸೊಂಟ ಹೋಗಿದೆ ನಂದು."

"ಇಳಿಸು. ಇವತ್ತು ಸಿಗದಿದ್ರೆ ಮುಂದಿನ ವರ್ಷ. ನಾನು ಇರೋವರೆಗೂ ಇಳಿಸು."

"ಅದು ಸತ್ತಿದೆ ಅತ್ತೆ," ಹೇರಿಮ್ ಅಂದಳು.

"ಯಾವುದು?"

"ಜಾಲರಿಚಿಪ್ಪು. ವಯಸ್ಸಾದ ಹಾಗೆ ಚಿಪ್ಪು ದಪ್ಪ ಆಗ್ತಾ ಹೋಗತ್ತೆ, ಕೀಲು ಮಾತ್ರ ಅಷ್ಟೇ ಇರತ್ತೆ. ಒಂದಿನ ಮುಚ್ಚಿದ್ದು ತೆರೆಯಕ್ಕಾಗಲ್ಲ. ಒಳಗಿದ್ದದ್ದು ಒಳಗೇ."

ಅತ್ತೆ ಬಟ್ಟಲನ್ನು ದಕ್ಕೆಯ ಅಂಚಿನಿಂದ ಈಚೆಗೆ ಎಳೆದುಕೊಂಡರು.

"ಬಟ್ಟೆ ಸುತ್ತಿಡು ಓಕ್‌ಬುನ್. ಇನ್ನು ಇಳಿಸೋದು ಬೇಡ."

"ಕೂದಲು ಸಿಗದೆ ಸುತ್ತಿದ್ರೆ ಅವನು ಬಂದ ಹಾಗಾಗಲ್ಲ."

"ಬರಲ್ಲ ಅವನು. ಮುಚ್ಕೊಂಡಿದೆಯಂತಲ್ಲ." ಅತ್ತೆ ಮಂಡಿ ಹಿಡಿದು ಎದ್ದರು. ಸೊಸೆಯ ಮುಖ ನೋಡಲಿಲ್ಲ. "ಅದಕ್ಕೆ ಸಾವೇ ಇಲ್ಲಮ್ಮ ಅಂತಿದ್ದ ಅವನು. ನೀನು ಕೊಂದೆ. ಇನ್ನು ನಿನ್ನ ತವರಿಗೆ ಹೋಗು."

ಹೇರಿಮ್ ಮೂರು ವರ್ಷದಿಂದ ಕಾದಿದ್ದು ಈ ಮಾತಿಗೇ. ಅವಳು ಎದ್ದು ನಿಲ್ಲಲು ನೋಡಿದಳು. ಕಾಲು ಜೋಮು ಹಿಡಿದಿತ್ತು.